ಥೆರಪಿ ಪ್ಲಾನಿಗೆ ಸಹಿ ಹಾಕಿದ ಮೇಲೆ ‘ಬೇಡ’ ಎನ್ನಬಹುದೇ?

ಪ್ರಶ್ನೆ: ನನ್ನ ಮಗನಿಗೆ ಐದೂವರೆ ವರ್ಷ. ಮೂರು ತುಂಬುವ ಹೊತ್ತಿಗೆ ಆಟಿಸಂ ಅಂತ ಗೊತ್ತಾಯಿತು. ಮಾತು ಕಡಿಮೆ, ಬಿಡಿ ಪದಗಳನ್ನು ಹೇಳುತ್ತಾನೆ. ನಾವು ಕುಂದಾಪುರ ಕಡೆಯವರು, ಈಗ ಡೊಂಬಿವಲಿಯಲ್ಲಿದ್ದೇವೆ. ಮನೆಯಲ್ಲಿ ಕನ್ನಡ. ಜೂನ್‌ನಿಂದ ಠಾಣೆಯ ಒಂದು ಸೆಂಟರ್‌ನಲ್ಲಿ ಎಬಿಎ ಥೆರಪಿ, ಅಂದರೆ ವರ್ತನೆಯನ್ನು ಗಮನಿಸಿ ಕಲಿಸುವ ಥೆರಪಿ, ಶುರು ಮಾಡಿದ್ದೇವೆ. ಮೊದಲ ದಿನವೇ ಉದ್ದದ ಒಂದು ಇಂಗ್ಲಿಷ್ ಫಾರ್ಮಿಗೆ ಸಹಿ ಹಾಕಿಸಿಕೊಂಡರು. ‘ಅಗತ್ಯ ಕಂಡ ಎಲ್ಲ ವಿಧಾನಗಳನ್ನೂ ಬಳಸಲು ಒಪ್ಪಿದ್ದೇವೆ’ ಎಂಬ ಸಾಲು ಅದರಲ್ಲಿದೆ ಅಂತ ಆಮೇಲೆ ಗೊತ್ತಾಯಿತು. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಕೈ ಆಡಿಸುವುದು ನಿಲ್ಲಬೇಕು, 20 ನಿಮಿಷ ಕುರ್ಚಿಯಲ್ಲಿ ಕೂರಬೇಕು, ಇವು ಪ್ಲಾನಿನಲ್ಲಿರುವ ಗೋಲ್‌ಗಳು. ಒಳಗೆ ಅವನು ಅಳುವುದು ನಮಗೆ ಹೊರಗೆ ಕೇಳಿಸುತ್ತದೆ. ‘ಅತ್ತರೆ ನೋಡಬೇಡಿ, ಮನೆಯಲ್ಲೂ ಗಮನ ಕೊಡಬೇಡಿ, ತಾನಾಗಿ ನಿಲ್ಲುತ್ತದೆ’ ಎನ್ನುತ್ತಾರೆ. ಈಗ ರಿಕ್ಷಾ ಸೆಂಟರ್‌ನ ಬೀದಿಗೆ ತಿರುಗಿದರೆ ಸಾಕು, ಅಳು ಶುರು. ಅತ್ತೆ ನಿಲ್ಲಿಸಿಬಿಡು ಎನ್ನುತ್ತಾರೆ. ‘ಮೂರು ತಿಂಗಳ ಫೀಸು ಕಟ್ಟಿದ್ದೇವೆ, ಅವರಿಗೆ ಗೊತ್ತಿರಲ್ವಾ’ ಅನ್ನುವುದು ನಮ್ಮವರ ಮಾತು. ಸಹಿ ಹಾಕಿದ ಮೇಲೆ ಪ್ಲಾನ್ ಬದಲಿಸಿ ಅಂತ ಕೇಳಬಹುದಾ? ನಿಲ್ಲಿಸಿದರೆ ಮಗನಿಗೆ ನಷ್ಟವಾಗುತ್ತದಾ?

— ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಕೇಳಬಹುದು. ಸಹಿ ಹಾಕಿದ ಮರುದಿನವೂ ಕೇಳಬಹುದು, ಆರು ತಿಂಗಳಾದ ಮೇಲೂ ಕೇಳಬಹುದು. ‘ಇದು ಇರಲಿ, ಇದು ಬೇಡ’ ಎನ್ನಬಹುದು. ಪೂರ್ತಿ ನಿಲ್ಲಿಸಲೂಬಹುದು. ಫಾರ್ಮಿಗೆ ಸಹಿ ಹಾಕಿದಿರಿ ಅಂತ ಮಗನ ವಿಷಯದಲ್ಲಿ ಮಾತಾಡುವ ಹಕ್ಕು ನಿಮ್ಮ ಕೈ ತಪ್ಪಿ ಹೋಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ರಿಕ್ಷಾದ ಸಾಲು. ಸೆಂಟರ್ ಇನ್ನೂ ಕಣ್ಣಿಗೆ ಬಿದ್ದಿಲ್ಲ, ಬೀದಿ ತಿರುಗಿದ್ದಷ್ಟೇ, ಮಗು ಅಳುತ್ತದೆ. ಅಲ್ಲಿ ನಡೆಯುವುದು ತನಗೆ ಬೇಡ ಅಂತ ಅವನು ಹೇಳುತ್ತಿದ್ದಾನೆ. ಬಿಡಿ ಪದಗಳಷ್ಟೇ ಇರುವ ಐದೂವರೆ ವರ್ಷದ ಹುಡುಗ ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳಬೇಕು? ವರ್ತನೆಯನ್ನು ನೋಡಿ ಅದರ ಕಾರಣ ಹುಡುಕುವುದೇ ನಮ್ಮ ವೃತ್ತಿ. ಈ ಅಳುವಿಗೆ ‘ಹಟ’ ಅಂತ ಹೆಸರಿಟ್ಟು ಮುಂದೆ ಹೋದರೆ ಆ ಕೆಲಸ ಅಲ್ಲಿ ಇನ್ನೂ ಶುರುವೇ ಆಗಿಲ್ಲ ಅಂತ ಅರ್ಥ. ಎಬಿಎ ಮಕ್ಕಳಿಗೆ ನಿಜವಾಗಿ ನೆರವಾಗುತ್ತದೆ ಅಂತ ನಂಬಿ ಇದೇ ಕೆಲಸ ಮಾಡುತ್ತಿರುವವನು ನಾನು. ಅದಕ್ಕೇ ಇದನ್ನು ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಮೊದಲು ಸಹಿಯ ವಿಷಯ. 2008ರಲ್ಲಿ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ದುರ್ಬೀನು ಹಾಕಿ ಹೊಟ್ಟೆಯೊಳಗೆ ಪರೀಕ್ಷೆ ಮಾಡಿಸಿಕೊಳ್ಳಲು ಒಪ್ಪಿದ್ದ ಮಹಿಳೆಗೆ ಅರಿವಳಿಕೆ ಕೊಟ್ಟಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆಯಲಾಗಿತ್ತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲುವುದಿಲ್ಲ ಎಂದಿತು ಕೋರ್ಟ್. ಏನು ಮಾಡುತ್ತೇವೆ, ಯಾಕೆ ಮಾಡುತ್ತೇವೆ, ಬೇರೆ ದಾರಿ ಏನಿದೆ, ಅಪಾಯ ಏನು, ಇಷ್ಟನ್ನೂ ಮೊದಲೇ ತಿಳಿಸಬೇಕು ಅಂತಲೂ ಹೇಳಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಒಪ್ಪಿಗೆ ಹೇಗಿರಬೇಕು ಅಂತ ಬರೆದಿದೆ. ಒತ್ತಾಯ, ಬೆದರಿಕೆ, ಮೋಸ ಇರಬಾರದು. ಇಂಥದ್ದೇ ಚಿಕಿತ್ಸೆಗೆ ಅಂತ ಇರಬೇಕು. ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ, ತಿಳಿಯುವ ರೀತಿಯಲ್ಲಿ ವಿವರಿಸಿರಬೇಕು. ಈ ಎರಡೂ ಆಟಿಸಂ ಥೆರಪಿಗಾಗಿಯೇ ಬಂದವಲ್ಲ. ಆದರೆ ನಮ್ಮ ದೇಶದಲ್ಲಿ ಒಪ್ಪಿಗೆ ಎಂದರೆ ಇಷ್ಟಾದರೂ ಇರಬೇಕು ಎಂಬುದು ಇವುಗಳಿಂದ ತಿಳಿಯುತ್ತದೆ.

ನಮ್ಮ ವೃತ್ತಿಯ ನಿಯಮವೂ ಇದೆ. ಎಬಿಎ ಪ್ಲಾನ್ ಮಾಡುವವರಿಗೆ ಬಿಸಿಬಿಎ ಎಂಬ ಸರ್ಟಿಫಿಕೇಟ್ ಕೊಡುವ ಅಮೆರಿಕದ ಮಂಡಳಿ 1998ರಿಂದ ಇದೆ. ಅದರ ಈಗಿನ ನೀತಿಸಂಹಿತೆ 2022ರ ಜನವರಿಯಿಂದ ಜಾರಿಯಲ್ಲಿದೆ. ಥೆರಪಿಯ ಉದ್ದೇಶ, ಹಿಡಿಯುವ ಸಮಯ, ಬಳಸುವ ವಿಧಾನ, ಆಗಬಹುದಾದ ಲಾಭ, ಅಪಾಯ, ಕಿರಿಕಿರಿ, ಇವನ್ನೆಲ್ಲ ಹೇಳಬೇಕು ಅನ್ನುತ್ತದೆ. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಅದರಿಂದ ನಿಮಗೆ ಯಾವ ತೊಂದರೆಯೂ ಆಗದು ಎಂಬುದನ್ನೂ ತಿಳಿಸಬೇಕು. ಪ್ಲಾನ್ ದೊಡ್ಡದಾಗಿ ಬದಲಾದಾಗ ಒಪ್ಪಿಗೆಯನ್ನು ಮತ್ತೆ ಕೇಳಬೇಕು. ನಿಮ್ಮ ಫಾರ್ಮಿನ ‘ಅಗತ್ಯ ಕಂಡ ಎಲ್ಲ ವಿಧಾನ’ ಎಂಬ ಸಾಲು ಇದರಲ್ಲಿ ಒಂದಕ್ಕೂ ಉತ್ತರ ಕೊಡುವುದಿಲ್ಲ. ಯಾವ ವಿಧಾನ ಅಂತ ಗೊತ್ತಿಲ್ಲದೆ ಅದಕ್ಕೆ ಒಪ್ಪುವುದು ಹೇಗೆ?

ಭಾಷೆಯ ಮಾತು ಬಂತು. ಮುಂಬೈ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಆಫೀಸಿಗೆ ಇಂಗ್ಲಿಷ್, ಸೊಸೈಟಿಗೆ ಹಿಂದಿ, ತರಕಾರಿಯವರಿಗೆ ಮರಾಠಿ ಅಂತ ಎಲ್ಲರೂ ಹೇಗೋ ನಿಭಾಯಿಸುತ್ತಾರೆ. ಹಾಗಾಗಿ ಫಾರ್ಮ್ ಮುಂದಿಟ್ಟಾಗ ‘ನನಗಿದು ಅರ್ಥ ಆಗಲಿಲ್ಲ’ ಎನ್ನಲು ಸಂಕೋಚ. ಸಂಕೋಚ ಬೇಡ. ಹಗಲಿಡೀ ಮಗುವಿನ ಜೊತೆ ಇರುವ ಅಜ್ಜಿಗೆ ಆ ಪ್ಲಾನ್ ಅರ್ಥವಾಗದಿದ್ದರೆ ಅದು ಮನೆಯಲ್ಲಿ ನಡೆಯುವುದೂ ಇಲ್ಲ. ಸೆಂಟರ್‌ನವರಿಗೆ ಕನ್ನಡ ಬಾರದಿದ್ದರೆ ಹಿಂದಿಯಲ್ಲಿ ಸಾಲು ಸಾಲಾಗಿ ಹೇಳಲಿ, ನೀವು ಕನ್ನಡದಲ್ಲಿ ಬರೆದುಕೊಳ್ಳಿ. ಹಾಗೆಯೇ, ‘ಮಗುವಿಗೆ ಒಂದೇ ಭಾಷೆ ಇರಲಿ, ಮನೆಯಲ್ಲಿ ಇಂಗ್ಲಿಷ್ ಮಾತಾಡಿ’ ಅಂತ ಯಾರಾದರೂ ಹೇಳಿದ್ದರೆ ಅದನ್ನು ಬಿಟ್ಟುಬಿಡಿ. ಎರಡು ಭಾಷೆ ಕೇಳಿಸಿಕೊಳ್ಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಅಜ್ಜಿಯ ಜೊತೆ ಮಾತಾಡಲು ಅವನಿಗೆ ಬೇಕಾದದ್ದು ಕನ್ನಡ.

ಇನ್ನು ಮಗುವಿನ ಒಪ್ಪಿಗೆ. ಕಾನೂನಿನಲ್ಲಿ ಸಹಿ ನಿಮ್ಮದು. ಆದರೆ ಕುರ್ಚಿಯಲ್ಲಿ ಕೂರುವವನು ಅವನು. ನಾನು ಹೇಳಿದ ನೀತಿಸಂಹಿತೆ ಸಹಿ ಹಾಕಲಾಗದವರ ಇಷ್ಟವನ್ನೂ ಗಮನಿಸಿ ಅನ್ನುತ್ತದೆ. ಅದನ್ನು ಬಾಯಿಮಾತಿನಲ್ಲೇ ಹೇಳಬೇಕೆಂದಿಲ್ಲ, ಮೈಯಿಂದ, ಸನ್ನೆಯಿಂದ ಹೇಳಿದರೂ ಅದು ಲೆಕ್ಕಕ್ಕೆ ಬರುತ್ತದೆ. ಭಾರತವೂ ಒಪ್ಪಿಕೊಂಡಿರುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ಇದನ್ನೇ ಹೇಳುತ್ತದೆ: ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯಕ್ಕೆ ಬೆಲೆ ಇರಬೇಕು.

ಇದು ಕೇಳಲು ದೊಡ್ಡ ಮಾತು. ಸೆಷನ್‌ನಲ್ಲಿ ಹೇಗಿರುತ್ತದೆ ಹೇಳುತ್ತೇನೆ. ಚಾಪೆಯ ಪಕ್ಕ ಒಂದು ಸಣ್ಣ ಮೇಜು. ಮೇಜಿನ ಮೇಲೆ ಮರದ ಪಜಲ್, ಆರು ತುಂಡು. ಬಾಗಿಲು ತೆರೆದಿದೆ. ಮಗು ಎರಡು ತುಂಡು ಕೂರಿಸಿತು. ಮೂರನೆಯದು ಕೈಗೆ ತೆಗೆದುಕೊಂಡಿತು, ಆದರೆ ಭುಜ ಆಗಲೇ ಕಿಟಕಿಯ ಕಡೆ ತಿರುಗಿದೆ, ಒಂದು ಕಾಲು ಕುರ್ಚಿಯಿಂದ ಹೊರಗೆ ಬಂದಿದೆ. ತುಂಡನ್ನು ನೆಲಕ್ಕೆ ಹಾಕಿತು. ಥೆರಪಿಸ್ಟ್ ಅಲ್ಲಿಗೇ ನಿಲ್ಲಿಸುತ್ತಾರೆ. ಅಳು ಬರುವವರೆಗೆ ಕಾಯುವುದಿಲ್ಲ. ಮೇಜಿನ ಮೂಲೆಯಲ್ಲಿ ಅಂಗೈ ಚಿತ್ರದ ಕೆಂಪು ಕಾರ್ಡ್ ಇದೆ. ಮಗುವಿನ ಕೈ ಹತ್ತಿರ ಅದನ್ನು ಸರಿಸುತ್ತಾರೆ. ಮಗು ಕಾರ್ಡ್ ಮುಟ್ಟಿದ ತಕ್ಷಣ ‘ಸಾಕಾ? ಸರಿ, ಸಾಕು’ ಎಂದು ಪಜಲ್ ಎತ್ತಿಡುತ್ತಾರೆ. ಮಗು ಕಿಟಕಿಗೆ ಹೋಗಿ ನಿಲ್ಲುತ್ತದೆ. ಯಾರೂ ಹಿಂದೆ ಓಡುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇವರು ಡೋಲು ಬಡಿಯತೊಡಗಿದರೆ ಅದೇ ಬಂದು ಪಕ್ಕದಲ್ಲಿ ಕೂರುತ್ತದೆ. ಡೇಟಾ ಶೀಟ್‌ನಲ್ಲಿ ಪಜಲ್ ಎಷ್ಟು ಆಯಿತು ಅಂತ ಮಾತ್ರ ಬರೆಯುವುದಿಲ್ಲ. ಮಗು ತಾನಾಗಿ ಎಷ್ಟು ಸಲ ಬಂತು, ಎಷ್ಟು ಸಲ ಎದ್ದು ಹೋಯಿತು, ಯಾವ ಕೆಲಸದ ನಡುವೆ ಎದ್ದಿತು ಅಂತಲೂ ಬರೆಯುತ್ತಾರೆ. ದಿನವೂ ಪಜಲ್ ಬಂದಾಗಲೇ ಎದ್ದು ಹೋಗುತ್ತಿದ್ದರೆ ಬದಲಾಗಬೇಕಾದದ್ದು ಪಜಲ್, ಇಲ್ಲವೇ ಕಲಿಸುವ ರೀತಿ.

‘ಹೀಗೆ ಬಿಟ್ಟರೆ ಮಗು ಬರೀ ಸಾಕು ಸಾಕು ಎನ್ನುತ್ತದೆ, ಕಲಿಯುವುದು ಯಾವಾಗ?’ ಅಂತ ನಿಮ್ಮ ಯಜಮಾನರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೊದಲ ವಾರಗಳಲ್ಲಿ ಜಾಸ್ತಿಯೇ ಎನ್ನುತ್ತದೆ. ತನ್ನ ಮಾತು ನಡೆಯುತ್ತದಾ ಅಂತ ಪರೀಕ್ಷಿಸುತ್ತದೆ. ನಡೆಯುತ್ತದೆ ಅಂತ ನಂಬಿಕೆ ಬಂದ ಮೇಲೆ ಹೆಚ್ಚಿನ ಮಕ್ಕಳು ಮೊದಲಿಗಿಂತ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಆಮೇಲೆ ‘ಇನ್ನೊಂದು ತುಂಡು, ಆಮೇಲೆ ಸಾಕು’ ಎಂದು ನಿಧಾನವಾಗಿ ಕಾಯುವುದನ್ನೂ ಕಲಿಸಬಹುದು. ಕೆಲವು ವಿಷಯಗಳಲ್ಲಿ ಮಗುವಿನ ‘ಬೇಡ’ ನಡೆಯುವುದಿಲ್ಲ, ಅದು ನಿಜ. ರಸ್ತೆ ದಾಟುವಾಗ ಕೈ ಹಿಡಿಯಬೇಕು. ಜ್ವರಕ್ಕೆ ಔಷಧಿ ಕುಡಿಯಲೇಬೇಕು. ಅಂಥ ಕಡೆ ‘ಕುಡಿತೀಯಾ?’ ಅಂತ ಸುಮ್ನೆ ಕೇಳಬೇಡಿ. ಮುಂಚೆಯೇ ಹೇಳಿ, ಬೇಗ ಮುಗಿಸಿ, ಸಮಾಧಾನ ಮಾಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಆ ಸಾಲಿಗೆ ಸೇರಿದ ವಿಷಯ ಅಲ್ಲ.

ಈಗ ಆ ಮೂರು ಗೋಲ್‌ಗಳು. 1968ರಲ್ಲಿ ನಮ್ಮ ಕ್ಷೇತ್ರದ ಮುಖ್ಯ ಪತ್ರಿಕೆ ಶುರುವಾದಾಗ ಅದರ ಮೊದಲ ಸಂಪಾದಕರಾಗಿದ್ದವರು ಮಾಂಟ್ರೋಸ್ ವುಲ್ಫ್. 1978ರಲ್ಲಿ ಅವರು ಒಂದು ಲೇಖನ ಬರೆದರು. ಗ್ರಾಫ್ ಮೇಲೇರಿದರೆ ಸಾಲದು, ಗೋಲ್ ಆ ಜನರಿಗೆ ಬೇಕಾದದ್ದೇ, ವಿಧಾನ ಅವರಿಗೆ ಒಪ್ಪಿಗೆಯೇ, ಬಂದ ಫಲ ಅವರಿಗೆ ತೃಪ್ತಿ ಕೊಟ್ಟಿದೆಯೇ ಎಂದು ಅವರನ್ನೇ ಕೇಳಬೇಕು ಎಂಬುದು ಅದರ ಸಾರ. ಪ್ರತಿ ಗೋಲ್ ಎದುರೂ ಒಂದೇ ಪ್ರಶ್ನೆ ಇಡಿ: ಇದು ಸಾಧ್ಯವಾದರೆ ನನ್ನ ಮಗನ ದಿನ ಯಾವ ರೀತಿಯಲ್ಲಿ ಸುಲಭವಾಗುತ್ತದೆ?

ಕೈ ಆಡಿಸುವುದನ್ನು ತೆಗೆದುಕೊಳ್ಳಿ. ಅದರಿಂದ ಅವನಿಗೆ ಪೆಟ್ಟಾಗುತ್ತದಾ? ಬೇರೆಯವರಿಗೆ? ಅವನಿಗೆ ಇಷ್ಟವಾದ ಆಟವನ್ನೋ ಊಟವನ್ನೋ ಅದು ತಪ್ಪಿಸುತ್ತದಾ? ಮೂರಕ್ಕೂ ಇಲ್ಲ ಎಂದಾದರೆ ಆ ಗೋಲ್ ಪ್ಲಾನಿನಿಂದ ಹೋಗಲಿ. ಖುಷಿಯಾದಾಗ, ಗಾಬರಿಯಾದಾಗ ಕೈ ಆಡಿಸಿದರೆ ಮನಸ್ಸಿಗೆ ಸಮಾಧಾನ ಅಂತ ಆಟಿಸಂ ಇರುವ ದೊಡ್ಡವರು ಎಷ್ಟೋ ಜನ ಹೇಳಿದ್ದಾರೆ, ಬರೆದಿದ್ದಾರೆ. ಲೋಕಲ್ ಟ್ರೈನಿನಲ್ಲಿ ಪಕ್ಕದವರು ನೋಡುತ್ತಾರೆ ಎಂಬ ಸಂಕಟ ನಿಮಗಿದ್ದರೆ ಅದು ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕಾಗಿ ಮಗುವಿಗೆ ಗಂಟೆಗಟ್ಟಲೆ ತರಬೇತಿ ಕೊಡುವುದು ನ್ಯಾಯವಲ್ಲ. ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದರೆ ಮಾತೇ ಬೇರೆ, ಆಗ ಕೂಡಲೇ ಕೆಲಸ ಶುರು ಮಾಡಬೇಕು.

ಕಣ್ಣಿನ ವಿಷಯವೂ ಹೀಗೇ. ಎದುರಿನವರ ಕಣ್ಣು ನೋಡುತ್ತಾ ಮಾತು ಕೇಳಿಸಿಕೊಳ್ಳುವುದು ಹಿಂಸೆ ಎನ್ನುವವರು ಬಹಳ ಜನ. ನಮಗೆ ಬೇಕಾದದ್ದು ಹೆಸರು ಕರೆದರೆ ಅವನಿಗೆ ಗೊತ್ತಾಗುವುದು, ಅಲ್ವಾ? ಅದನ್ನು ಅವನು ತಿರುಗಿ ತೋರಿಸಲಿ, ಹತ್ತಿರ ಬಂದು ತೋರಿಸಲಿ, ‘ಆಂ’ ಎಂದು ತೋರಿಸಲಿ.

20 ನಿಮಿಷ ಕೂರುವ ಗೋಲ್ ಯಾರಿಗಾಗಿ ಅಂತ ಕೇಳಿ. ಮುಂದಿನ ಜೂನ್‌ಗೆ ಒಂದನೇ ತರಗತಿ, ಅದಕ್ಕೆ ಅಂತ ಹೇಳಿದರೆ, ಒಪ್ಪೋಣ. ಹಾಗಾದರೆ ಈಗ ಅವನು ಇಷ್ಟಪಟ್ಟು ಎಷ್ಟು ಹೊತ್ತು ಕೂರುತ್ತಾನೆ? ಎರಡು ನಿಮಿಷವಾದರೆ ಶುರು ಅಲ್ಲಿಂದ. ಅವನಿಗೆ ಇಷ್ಟದ ಕೆಲಸದಿಂದ. ಮಧ್ಯೆ ಏಳುವ ಅವಕಾಶ ಇಟ್ಟುಕೊಂಡು.

ನಿಮ್ಮ ಪ್ಲಾನಿನಲ್ಲಿ ಏನಿಲ್ಲ ಅಂತಲೂ ನೋಡಿ. ‘ಬೇಡ’, ‘ಸಾಕು’, ‘ಸಹಾಯ ಮಾಡು’ ಎಂದು ಹೇಳಲು ಕಲಿಸುವುದು ಇದೆಯೇ? ಎಲ್ಲಿ ನೋಯುತ್ತಿದೆ ಅಂತ ತೋರಿಸುವುದು? ಟಾಯ್ಲೆಟ್? ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಅನೌನ್ಸ್‌ಮೆಂಟ್ ಬಂದಾಗ ಕಿವಿ ಮುಚ್ಚಿಕೊಂಡು ಕೂತುಬಿಡುತ್ತಾನಾದರೆ ಹೆಡ್‌ಫೋನ್ ಕೇಳಿ ಹಾಕಿಕೊಳ್ಳುವುದು? ನನ್ನ ಅಭಿಪ್ರಾಯ ಕೇಳಿದರೆ ಮೊದಲ ಪುಟದ ಮೊದಲ ಸಾಲಿನಲ್ಲಿ ಇರಬೇಕಾದದ್ದು ‘ಸಾಕು’. ಬೇಡ ಎನ್ನಲು ಬಾರದ ಮಗುವಿಗೆ ಹೇಳಿದ ಹಾಗೆ ಕೇಳುವುದನ್ನು ಮಾತ್ರ ಕಲಿಸಿದರೆ, ನಾಳೆ ಕೆಟ್ಟವರು ಹೇಳಿದ್ದನ್ನೂ ಅದು ಹಾಗೆಯೇ ಕೇಳುತ್ತದೆ. ಈ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ ಅಂತ ನಾನು ಪ್ರತಿ ತಂದೆತಾಯಿಗೂ ಹೇಳುತ್ತೇನೆ.

‘ಅತ್ತರೆ ಗಮನ ಕೊಡಬೇಡಿ’ ಎಂಬ ಸಲಹೆಗೆ ಬರೋಣ. ಇದಕ್ಕೆ ನಮ್ಮಲ್ಲಿ ಎಕ್ಸ್‌ಟಿಂಕ್ಷನ್ ಎನ್ನುತ್ತಾರೆ. ಒಂದು ವರ್ತನೆಗೆ ಇಲ್ಲಿಯವರೆಗೆ ಸಿಗುತ್ತಿದ್ದ ಫಲ ಸಿಗದಂತೆ ಮಾಡುವುದು. ಫಲ ಏನು ಅಂತ ಗೊತ್ತಿದ್ದರೆ ಮಾತ್ರ ಇದಕ್ಕೆ ಅರ್ಥ. ಮಗು ಗಮನ ಬೇಕು ಅಂತ ಅಳುತ್ತಿದೆಯಾ, ಕಷ್ಟದ ಕೆಲಸ ತಪ್ಪಿಸಿಕೊಳ್ಳಲು ಅಳುತ್ತಿದೆಯಾ, ವಸ್ತು ಬೇಕು ಅಂತಲಾ, ಇಲ್ಲಾ ನೋವಿಗೆ ಅಳುತ್ತಿದೆಯಾ? ರಿಕ್ಷಾದಲ್ಲಿ ನೀವು ಪಕ್ಕದಲ್ಲೇ ಇದ್ದೀರಿ, ಗಮನವೆಲ್ಲ ಅವನ ಮೇಲೇ ಇದೆ, ಆದರೂ ಅಳುತ್ತಾನೆ. ಇದು ಗಮನಕ್ಕಾಗಿ ಅಳುವ ಅಳು ಅಂತ ನನಗೆ ಅನಿಸುವುದಿಲ್ಲ. ಕಾರಣ ಪತ್ತೆ ಮಾಡುವ ಅಸೆಸ್‌ಮೆಂಟ್ ಆಗಿದೆಯಾ, ಯಾವತ್ತು ಆಯಿತು, ಏನು ಬಂತು ಅಂತ ಕೇಳಿ. ಆಗಿಲ್ಲದಿದ್ದರೆ ‘ಗಮನ ಕೊಡಬೇಡಿ’ ಎಂಬ ಸಲಹೆಗೆ ಬುಡವೇ ಇಲ್ಲ.

ಅದರ ಜೊತೆ ಡಾಕ್ಟರ ಹತ್ತಿರ ಒಮ್ಮೆ ತೋರಿಸಿ. ಮಲಬದ್ಧತೆ, ಹುಳುಕು ಹಲ್ಲು, ಕಿವಿಯ ಸೋಂಕು, ನಿದ್ದೆ ಸಾಲದಿರುವುದು, ಇವು ಮಾತು ಕಡಿಮೆ ಇರುವ ಮಕ್ಕಳಲ್ಲಿ ಅಳುವಾಗಿ, ಹೊಡೆದುಕೊಳ್ಳುವುದಾಗಿ ಕಾಣುತ್ತವೆ. ದೇಹದ ಕಾರಣ ಇರಬಹುದು ಎನಿಸಿದರೆ ಅದನ್ನು ಮೊದಲು ನೋಡಿಸಬೇಕು ಎಂಬುದು ನೀತಿಸಂಹಿತೆಯಲ್ಲೂ ಇದೆ.

ಎಕ್ಸ್‌ಟಿಂಕ್ಷನ್‌ಗೆ ಇನ್ನೊಂದು ಮುಖವಿದೆ, ಅದನ್ನು ನಿಮಗೆ ಮೊದಲೇ ಹೇಳಿರಬೇಕಿತ್ತು. ಶುರು ಮಾಡಿದಾಗ ಅಳು ಕಡಿಮೆಯಾಗುವ ಮೊದಲು ಎಷ್ಟೋ ಸಲ ಜೋರಾಗುತ್ತದೆ. ಕೆಲವು ಮಕ್ಕಳು ಹೊಡೆಯುತ್ತಾರೆ, ಕಚ್ಚುತ್ತಾರೆ. ನಿಮ್ಮದು ಫ್ಲ್ಯಾಟ್. ರಾತ್ರಿ ಹತ್ತಕ್ಕೆ ಮಗು ಕಿರುಚಿದರೆ ಪಕ್ಕದವರು ಬೆಲ್ ಮಾಡುತ್ತಾರೆ. ಅತ್ತೆ ಎತ್ತಿಕೊಳ್ಳುತ್ತಾರೆ, ಎತ್ತಿಕೊಳ್ಳದೆ ಇರುವುದು ಹೇಗೆ? ಆಗ ಮಗು ಕಲಿಯುವುದು ‘ಇನ್ನೂ ಜೋರಾಗಿ ಅತ್ತರೆ ಆಗುತ್ತದೆ’ ಅಂತ. ನಿಮ್ಮ ಮನೆಯಲ್ಲಿ ನಡೆಯದ ಪ್ಲಾನ್ ಎಷ್ಟೇ ಶಾಸ್ತ್ರೀಯವಾಗಿದ್ದರೂ ನಿಮಗೆ ಕೆಲಸಕ್ಕೆ ಬಾರದು. ಇದಕ್ಕಿಂತ ಒಳ್ಳೆಯ ದಾರಿ ಗೊತ್ತಿಲ್ಲದ ಕಾಲವೂ ಅಲ್ಲ ಇದು. 1985ರಲ್ಲೇ ಕಾರ್ ಮತ್ತು ಡ್ಯುರಾಂಡ್ ಎಂಬ ಸಂಶೋಧಕರು ತೋರಿಸಿದ್ದಾರೆ: ಯಾವುದಕ್ಕಾಗಿ ಮಗು ರಂಪ ಮಾಡುತ್ತದೋ ಅದನ್ನೇ ಕೇಳಿ ಪಡೆಯುವ ಮಾತನ್ನು ಕಲಿಸಿದರೆ ರಂಪ ಇಳಿಯುತ್ತದೆ. ಆ ಕೆಂಪು ಕಾರ್ಡಿನ ಹಿಂದಿರುವುದು ಇದೇ ಕೆಲಸ. ಕೈಕಾಲು ಹಿಡಿದು ಕೂರಿಸುವುದು, ಕೋಣೆಯಲ್ಲಿ ಒಂಟಿಯಾಗಿ ಬಿಡುವುದು, ಶಿಕ್ಷೆ ಕೊಡುವುದು, ಇವಂತೂ ಹಗುರವಾದ ದಾರಿಗಳನ್ನೆಲ್ಲ ನೋಡಿ ಆದ ಮೇಲೆ, ಇಲ್ಲವೇ ಏನೂ ಮಾಡದಿದ್ದರೆ ಮಗುವಿಗೆ ಅದಕ್ಕಿಂತ ಹೆಚ್ಚಿನ ಅಪಾಯ ಅಂತ ಇದ್ದಾಗ ಮಾತ್ರ. ಪಜಲ್ ಮಾಡದಿದ್ದಕ್ಕೆ ಮಗುವಿನ ಕೈ ಬಲವಂತವಾಗಿ ಹಿಡಿಯುವಂತಿಲ್ಲ. ಹಾಗೇನಾದರೂ ನಡೆಯುತ್ತಿದ್ದರೆ ಇವತ್ತೇ ನಿಲ್ಲಿಸಲು ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಅದರ 6ನೇ ಸೆಕ್ಷನ್ ಕ್ರೌರ್ಯದಿಂದ, ಅಮಾನವೀಯ ನಡವಳಿಕೆಯಿಂದ ರಕ್ಷಣೆ ಕೊಡುತ್ತದೆ.

ನಿಲ್ಲಿಸಿದರೆ ನಷ್ಟವಾಗುತ್ತದಾ ಅಂತ ಕೇಳಿದ್ದೀರಿ. ‘ವಾರಕ್ಕೆ 40 ಗಂಟೆ, ಈಗಲೇ, ಇಲ್ಲದಿದ್ದರೆ ಕೈ ಮೀರುತ್ತದೆ’ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. ಆ 40ರ ಮೂಲ 1987ರಲ್ಲಿ ಲೊವಾಸ್ ಎಂಬುವರು ಲಾಸ್ ಏಂಜಲೀಸ್‌ನಲ್ಲಿ ಮಾಡಿದ ಅಧ್ಯಯನ. ಅಷ್ಟು ಗಂಟೆ ಥೆರಪಿ ಪಡೆದ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ಒಂದನೇ ತರಗತಿ ಮುಗಿಸಿದರು, ಅವರ ಬುದ್ಧಿಮತ್ತೆಯ ಅಂಕವೂ ಸರಾಸರಿಗೆ ಬಂತು ಎಂದು ಅದು ಹೇಳಿತು. ಆದರೆ ಯಾವ ಮಗುವಿಗೆ ಯಾವ ಗುಂಪು ಅಂತ ಚೀಟಿ ಎತ್ತಿ ಹಂಚಿರಲಿಲ್ಲ, ಹಾಗಾಗಿ ಫಲ ಥೆರಪಿಯಿಂದಲೇ ಬಂತು ಅಂತ ಖಚಿತವಾಗಿ ಹೇಳಲಾಗದು. ಜೋರಾಗಿ ‘ನೋ’ ಎಂದು ಗದರುವುದು, ತೊಡೆಗೆ ಹೊಡೆಯುವುದು ಕೂಡ ಆ ಥೆರಪಿಯ ಭಾಗವಾಗಿತ್ತು. ಅದನ್ನು ಇವತ್ತು ನಮ್ಮಲ್ಲಿ ಹೆಚ್ಚಿನವರು ಸಮರ್ಥಿಸುವುದಿಲ್ಲ. ಆಮೇಲಿನ ವರ್ಷಗಳಲ್ಲಿ ಆಟದ ನಡುವೆ, ಊಟದ ನಡುವೆ, ಮಗು ತೋರಿದ ಆಸಕ್ತಿಯನ್ನೇ ಹಿಡಿದು ಕಲಿಸುವ ವಿಧಾನಗಳು ಬೆಳೆದಿವೆ, ಅವಕ್ಕೂ ಪುರಾವೆ ಇದೆ. ಚಿಕ್ಕಂದಿನಲ್ಲಿ ಸಿಗುವ ನೆರವು ಒಳ್ಳೆಯದೇ. ಆದರೆ ಪ್ಲಾನ್ ಸರಿ ಮಾಡಿಸಲು ಎರಡು ವಾರ ನಿಲ್ಲಿಸಿದರೆ ಅವನ ಭವಿಷ್ಯ ಕೈ ತಪ್ಪುವುದಿಲ್ಲ. ಭಯಪಟ್ಟುಕೊಂಡು ಹೋಗುವ ಕಡೆ ಮಗು ಕಲಿಯುವುದೂ ಕಡಿಮೆ. ಈ ಎರಡು ವಾರ ಅವನಿಗೆ ಇಷ್ಟವಾದದ್ದನ್ನು ಜೊತೆಗೆ ಕೂತು ಮಾಡಿ. ‘ಸಾಕು’ ಎಂದಾಗಲೆಲ್ಲ ನಿಲ್ಲಿಸಿ. ಅಷ್ಟೇ ಸಾಕಷ್ಟು ದೊಡ್ಡ ಕೆಲಸ.

‘ಅವರಿಗೆ ಗೊತ್ತಿರಲ್ವಾ’ ಎಂಬ ಪ್ರಶ್ನೆಗೂ ಉತ್ತರ ಹೇಳಬೇಕು. ಮಗುವಿನ ಜೊತೆ ಕೂರುವವರು ಯಾರು, ಅವರ ಮೇಲೆ ನಿಗಾ ಇಡುವವರು ಯಾರು, ಅಂತ ಬೇರೆ ಬೇರೆಯಾಗಿ ಕೇಳಿ. ಎಷ್ಟೋ ಕಡೆ ಮಗುವಿನ ಜೊತೆ ಇರುವವರು ಕಡಿಮೆ ಅವಧಿಯ ತರಬೇತಿ ಪಡೆದ ಯುವಕ ಯುವತಿಯರು. ಬಿಸಿಬಿಎ ಕೊಡುವ ಮಂಡಳಿಯದೇ ಆರ್‌ಬಿಟಿ ಎಂಬ ಸರ್ಟಿಫಿಕೇಟ್‌ಗೆ ಬೇಕಾದ ತರಬೇತಿ 40 ಗಂಟೆ. ಅವರ ಕೆಲಸ ಒಳ್ಳೆಯದಿರಬಹುದು, ಆದರೆ ಪ್ಲಾನ್ ಬರೆದವರು ಬಂದು ನೋಡುತ್ತಿರಬೇಕು. ಆ ಅಮೆರಿಕದ ಮಂಡಳಿ 2023ರಿಂದ ಭಾರತದಲ್ಲಿರುವವರ ಹೊಸ ಅರ್ಜಿ ತೆಗೆದುಕೊಳ್ಳುತ್ತಿಲ್ಲ. ಮೊದಲೇ ಸರ್ಟಿಫಿಕೇಟ್ ಇದ್ದವರು ಇದ್ದಾರೆ, ಬೇರೆ ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಇರುವವರೂ ಇದ್ದಾರೆ. ಸ್ಪೆಷಲ್ ಎಜುಕೇಟರ್ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆ ಕೇಳುವುದರಲ್ಲಿ ಅವಮಾನ ಮಾಡಿದಂತೇನೂ ಇಲ್ಲ.

ಈಗ ಮಾಡಬೇಕಾದದ್ದು. ಸೆಂಟರ್‌ಗೆ ಒಂದು ಮೇಲ್ ಕಳಿಸಿ. ಫೋನಿನಲ್ಲಿ ಹೇಳಿದ್ದು ನಿಲ್ಲುವುದಿಲ್ಲ. ಹೀಗೆ ಬರೆದರೆ ಸಾಕು: ‘ಮೊದಲ ದಿನ ಸಹಿ ಮಾಡಿದ ಫಾರ್ಮಿನಲ್ಲಿರುವ ಎಲ್ಲ ವಿಧಾನಗಳ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ. ಒಂದೊಂದು ಗೋಲ್‌ಗೂ ಯಾವ ವಿಧಾನ, ಯಾಕೆ, ಅಪಾಯ ಏನು, ಬದಲಿ ದಾರಿ ಏನು ಎಂದು ತಿಳಿಸಿದ ಮೇಲೆ ಮತ್ತೆ ಸಹಿ ಮಾಡುತ್ತೇವೆ. ಅಲ್ಲಿಯವರೆಗೆ ಅಳುವಾಗ ಕಡೆಗಣಿಸುವುದು, ಕೈ ಹಿಡಿದು ಕೂರಿಸುವುದು ಬೇಡ.’ ಕೋಪದ ಮಾತು ಒಂದೂ ಬೇಡ. ಆಮೇಲೆ ಮೀಟಿಂಗ್ ಕೇಳಿ, ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಹುಡುಗ ಬೇಡ ಎನ್ನುವಾಗ ತುಟಿ ಹೇಗೆ ಮಾಡುತ್ತಾನೆ, ಕೈ ಎಲ್ಲಿಡುತ್ತಾನೆ ಅನ್ನುವುದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆ ಗುರುತುಗಳು ಪ್ಲಾನಿನಲ್ಲಿ ಬರಹದಲ್ಲಿ ಬರಲಿ, ಕಂಡರೆ ಥೆರಪಿಸ್ಟ್ ಏನು ಮಾಡಬೇಕು ಅಂತಲೂ ಬರಲಿ. ಸೆಷನ್ ನೋಡಲು ಬಿಡಿ ಎಂದು ಕೇಳಿ. ‘ಅಮ್ಮ ಇದ್ದರೆ ಮಗು ಗಮನ ಕೊಡಲ್ಲ’ ಎಂದರೆ ಗಾಜಿನ ಹಿಂದಿನಿಂದಲೋ ಕ್ಯಾಮೆರಾದಲ್ಲೋ ತೋರಿಸಲಿ. ಯಾವ ರೀತಿಯಲ್ಲೂ ತೋರಿಸುವುದಿಲ್ಲ ಅಂದರೆ ನಾನಾದರೆ ಆ ಸೆಂಟರ್‌ನಲ್ಲಿ ಮುಂದುವರಿಸುವುದಿಲ್ಲ.

ಫಾರ್ಮಿನಲ್ಲಿ ಫೋಟೊ, ವಿಡಿಯೊ ಬಳಸಲು ಒಪ್ಪಿಗೆ ಅಂತ ಸಾಲಿದ್ದರೆ ಅದನ್ನೂ ನೋಡಿಕೊಳ್ಳಿ. ತರಬೇತಿಗೆ ವಿಡಿಯೊ ತೆಗೆಯುವುದೇ ಬೇರೆ, ಇನ್‌ಸ್ಟಾಗ್ರಾಂನಲ್ಲಿ ಹಾಕುವುದೇ ಬೇರೆ. ಜಾಹೀರಾತಿಗಾಗಿ ಈಗಿನ ಕುಟುಂಬಗಳಿಂದ ಹೊಗಳಿಕೆಯ ಮಾತು ಕೇಳಬಾರದು ಅಂತ ನಮ್ಮ ನೀತಿಸಂಹಿತೆಯಲ್ಲಿದೆ. ಮಕ್ಕಳ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಆಗಬೇಕು ಎಂದು 2023ರ ಡಿಜಿಟಲ್ ಮಾಹಿತಿ ರಕ್ಷಣಾ ಕಾಯ್ದೆ ಹೇಳುತ್ತದೆ.

ಒಳ್ಳೆಯ ಸೆಂಟರ್ ಆಗಿದ್ದರೆ ನಿಮ್ಮ ಮೇಲ್ ನೋಡಿ ಸಿಟ್ಟಾಗುವುದಿಲ್ಲ. ಕೂತು ಮಾತಾಡುತ್ತಾರೆ, ಪ್ಲಾನ್ ತಿದ್ದುತ್ತಾರೆ. ಹಾಗಾದರೆ ಮುಂದುವರಿಸಿ, ಒಂದು ತಿಂಗಳಲ್ಲಿ ರಿಕ್ಷಾದ ಅಳು ಕಡಿಮೆಯಾಯಿತಾ ನೋಡಿ. ನನ್ನ ಮಟ್ಟಿಗೆ ಅದು ಅವರ ಯಾವ ಗ್ರಾಫ್‌ಗಿಂತಲೂ ಒಳ್ಳೆಯ ಅಳತೆ. ‘ನಮ್ಮ ವಿಧಾನ ಇದೇ, ಬೇಕಾದರೆ ಇರಿ’ ಎಂದರೆ ಬಿಡಿ. ಕಟ್ಟಿದ ಫೀಸಿನಲ್ಲಿ ಉಳಿದ ಹಣವನ್ನು ಬರಹದಲ್ಲೇ ವಾಪಸ್ ಕೇಳಿ. ಮಗುವಿಗೆ ಒರಟಾಗಿ ನಡೆದುಕೊಂಡದ್ದು ಗೊತ್ತಾದರೆ ಪುಣೆಯಲ್ಲಿರುವ ಮಹಾರಾಷ್ಟ್ರದ ಅಂಗವಿಕಲರ ಕಲ್ಯಾಣ ಆಯುಕ್ತರ ಕಚೇರಿಗೆ ದೂರು ಕೊಡಬಹುದು. ಬಿಡುವ ಮೊದಲು ಅಸೆಸ್‌ಮೆಂಟ್ ರಿಪೋರ್ಟ್, ಪ್ಲಾನ್, ಇಲ್ಲಿಯವರೆಗಿನ ಡೇಟಾ ಶೀಟ್, ಈ ಮೂರರ ಪ್ರತಿ ಕೇಳಿ ಪಡೆಯಿರಿ. ಮುಂದೆ ನೋಡುವವರಿಗೆ ಏನು ಮಾಡಿ ಆಗಿದೆ, ಯಾವುದಕ್ಕೆ ಅವನು ಅತ್ತ ಅಂತ ಅದರಲ್ಲಿ ಗೊತ್ತಾಗುತ್ತದೆ, ಅವನನ್ನು ಮತ್ತೆ ಅದೇ ದಾರಿಯಲ್ಲಿ ನಡೆಸುವುದು ತಪ್ಪುತ್ತದೆ.